ಸಮುದ್ರ ಶಾಂತವಾಗಿ ಕಂಡ್ರೆ ಸಾಕಾ?

ಇವತ್ತು ರಾಜಕೀಯ ಬೇಡ. ಒಂದು ಹಲಗೆಯ ವಿಷಯ ಮಾತಾಡೋಣ.

ಹತ್ತು ಹನ್ನೊಂದು ಅಡಿ ಉದ್ದದ ಹಲಗೆ. ಅದರ ಮೇಲೆ ನಿಂತು, ಉದ್ದನೆಯ ಹುಟ್ಟು ಹಾಕ್ತಾ ನೀರಿನಲ್ಲಿ ಸಾಗೋದು. ಪ್ಯಾಡಲ್ ಬೋರ್ಡಿಂಗ್ ಅಂತಾರೆ. ಮಂಗಳೂರಿನ ಉತ್ತರಕ್ಕೆ, ಶಾಂಭವಿ ಮತ್ತು ನಂದಿನಿ ನದಿಗಳು ಕೂಡಿ ಸಮುದ್ರ ಸೇರೋ ಸಸಿಹಿತ್ಲುವಿನಲ್ಲಿ 2024ರ ಮಾರ್ಚ್‌ನಲ್ಲಿ ಇದರದ್ದೇ ಅಂತಾರಾಷ್ಟ್ರೀಯ ಸ್ಪರ್ಧೆ ನಡೀತು. ಹೆಮ್ಮೆಯ ವಿಷಯ. ನಮ್ಮ ಕರಾವಳಿಯ ಹುಡುಗರಿಗೆ ಇದರಿಂದ ಹೆಸರು ಬರಲಿ, ಹೊಟ್ಟೆಪಾಡೂ ಆಗಲಿ. ಅದಕ್ಕೆ ನನ್ನ ತಕರಾರಿಲ್ಲ.

ನನ್ನ ತಕರಾರು ಬೇರೆ. ಗಾಳಿ ತುಂಬೋ ಬೋರ್ಡು ಈಗ ಆನ್‌ಲೈನ್‌ನಲ್ಲೇ ಸಿಗತ್ತೆ. ಕಾರಿನ ಡಿಕ್ಕಿಯಲ್ಲಿ ಹಾಕ್ಕೊಂಡು ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ರೆ ಶನಿವಾರ ಬೆಳಗ್ಗೆ ಮಂಗಳೂರು. ಪಂಪ್ ಹೊಡೆದು ನೀರಿಗಿಳಿದ್ರೆ ಆಯ್ತು. ನಮ್ಮ ಆಫೀಸಿನ ಹುಡುಗನೊಬ್ಬ ಹೀಗೇ ಹೊರಟಿದ್ದ. ಲೈಫ್ ಜಾಕೆಟ್ ಇದೆಯೇನಪ್ಪಾ ಅಂದೆ. "ಸಾರ್, ನಂಗೆ ಈಜು ಬರತ್ತೆ" ಅಂದ. ಎಲ್ಲಿ ಕಲಿತೆ? ಬಡಾವಣೆಯ ಈಜುಕೊಳದಲ್ಲಿ!

ಸ್ವಾಮಿ, ಈಜುಕೊಳಕ್ಕೆ ಗೋಡೆ ಇರತ್ತೆ. ಅರಬ್ಬೀ ಸಮುದ್ರಕ್ಕೆ ಎಲ್ಲಿದೆ ಗೋಡೆ?

ಅಪಾಯ ಅಂದ್ರೆ ದೊಡ್ಡ ಅಲೆ ಅಂತ ನಾವೆಲ್ಲ ಅಂದ್ಕೊಂಡಿದೀವಿ. ಪ್ಯಾಡಲ್ ಬೋರ್ಡಿಗೆ ಮೊದಲ ಶತ್ರು ಅಲೆಯಲ್ಲ, ಗಾಳಿ. ಬೆಳಗಿನ ಜಾವ ಕರಾವಳಿಯಲ್ಲಿ ಗಾಳಿ ನೆಲದಿಂದ ಸಮುದ್ರದ ಕಡೆ ಬೀಸತ್ತೆ. ಆಗ ದಡದ ಹತ್ತಿರ ನೀರು ಕನ್ನಡಿ ಥರ ಕಾಣತ್ತೆ. ಇದೇ ಮೋಸ! ಬೆನ್ನ ಹಿಂದಿನ ಗಾಳಿ ನಿಮ್ಮನ್ನು ಸಲೀಸಾಗಿ ಒಳಗೆ ತಳ್ಳತ್ತೆ. ಎಂಥಾ ಚೆನ್ನಾಗಿ ಹುಟ್ಟು ಹಾಕ್ತಿದೀನಿ ಅಂತ ನೀವು ಬೀಗ್ತಿರ್ತೀರಿ. ತಿರುಗಿ ನೋಡಿದ್ರೆ ದಡ ದೂರ. ಎದುರುಗಾಳಿಯಲ್ಲಿ ನಿಂತ ನಿಮ್ಮ ದೇಹವೇ ಒಂದು ಹಾಯಿ. ಎಷ್ಟು ಹುಟ್ಟು ಹಾಕಿದ್ರೂ ಹಲಗೆ ಮುಂದಕ್ಕೆ ಬರಲ್ಲ.

ಎಂಜಿನ್ ಇಲ್ಲದ ಕಾಲದಲ್ಲಿ ನಮ್ಮ ಮೀನುಗಾರರ ಹಾಯಿದೋಣಿ ಇದೇ ಬೆಳಗಿನ ಗಾಳಿಗೆ ಕಡಲಿಗೆ ಹೋಗಿ, ಮಧ್ಯಾಹ್ನ ತಿರುಗೋ ಗಾಳಿಗೆ ದಡಕ್ಕೆ ಬರ್ತಿತ್ತು. ಅವರಿಗೆ ಆ ಲೆಕ್ಕ ಗೊತ್ತಿತ್ತು. ನಮಗೆ ಗೊತ್ತಿರೋದು ರೀಲ್ಸ್ ಲೆಕ್ಕ ಮಾತ್ರ.

ಎರಡನೆಯದು ಅಳಿವೆ. ನೇತ್ರಾವತಿ, ಫಲ್ಗುಣಿ ಸಮುದ್ರ ಸೇರೋ ಅಳಿವೆ ಬಾಗಿಲೇ ಇರಲಿ, ಸಸಿಹಿತ್ಲುವೇ ಇರಲಿ, ಇಳಿತದ ಹೊತ್ತಿನಲ್ಲಿ ಹೊಳೆಯ ನೀರು, ಭರತದಲ್ಲಿ ಒಳಗೆ ಬಂದ ನೀರು ಎರಡೂ ಸೇರಿ ಆ ಕಿರಿದಾದ ಬಾಯಿಂದ ಹೊರಗೆ ನುಗ್ಗತ್ತೆ. ಹೊಳೆಯಲ್ಲೇ ಇದ್ದೀನಿ ಅಂದ್ಕೊಂಡವನು ನೋಡನೋಡ್ತಿದ್ದಂತೆ ಸಮುದ್ರದಲ್ಲಿರ್ತಾನೆ. ಹಾಗಾಗಿ ನೀರಿಗಿಳಿಯೋ ಮೊದಲು ಇಳಿತ ಎಷ್ಟು ಹೊತ್ತಿಗೆ ಅಂತ ಅಲ್ಲಿನ ಮೀನುಗಾರರನ್ನ ಕೇಳಿ. ಕೇಳಿದ್ರೆ ಮರ್ಯಾದೆ ಹೋಗಲ್ಲ.

ಮೂರನೆಯದು ಲೀಶ್, ಅಂದ್ರೆ ನಿಮ್ಮನ್ನು ಬೋರ್ಡಿಗೆ ಕಟ್ಟೋ ಹಗ್ಗ. ಸಮುದ್ರದಲ್ಲಿ ಅದು ಕಾಲಿಗೆ ಇರಲೇಬೇಕು. ಬಿದ್ರೆ ಬೋರ್ಡು ಕೈಗೆ ಸಿಗತ್ತೆ, ಬೋರ್ಡೇ ನಿಮ್ಮ ದೋಣಿ. ಆದ್ರೆ ಹರಿಯೋ ಹೊಳೆಯಲ್ಲಿ ಅದೇ ಕಾಲಿನ ಹಗ್ಗ ಕಂಬಕ್ಕೋ, ಕೊಂಬೆಗೋ ಸಿಕ್ಕಿಕೊಂಡ್ರೆ ಉರುಳು. ಆ ಸೆಳವಿನಲ್ಲಿ ಬಗ್ಗಿ ಕಾಲು ಮುಟ್ಟೋಕೂ ಆಗಲ್ಲ. ಅಲ್ಲಿಗೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳೋ ಸೊಂಟದ ಬೆಲ್ಟ್ ಬೇಕು.

ಇದು ಸಣ್ಣ ವಿಷಯ ಅಂತೀರಾ? ಬ್ರಿಟನ್ನಿನ ವೇಲ್ಸ್‌ನಲ್ಲಿ ಹ್ಯಾವರ್‌ಫರ್ಡ್‌ವೆಸ್ಟ್ ಅಂತ ಒಂದು ಊರು. 2021ರ ಅಕ್ಟೋಬರ್ 30. ಮಳೆಗೆ ಉಬ್ಬಿದ ಹೊಳೆಯಲ್ಲಿ ಒಂದು ತಂಡ ಪ್ಯಾಡಲ್ ಬೋರ್ಡಿಂಗ್‌ಗೆ ಹೋಯ್ತು. ದಾರಿಯಲ್ಲೊಂದು ಒಡ್ಡು. ನಾಲ್ವರು ಸತ್ರು. ಹೊಳೆಗೆ ತಕ್ಕ ಲೀಶ್ ಇರಲಿಲ್ಲ. ಕರ್ಕೊಂಡು ಹೋದ ಕಂಪನಿಯ ಮಾಲಕಿಗೆ 2025ರಲ್ಲಿ ಹತ್ತೂವರೆ ವರ್ಷ ಜೈಲಾಯ್ತು. ನಮ್ಮ ಕರಾವಳಿಯ ಹೊಳೆಗಳಲ್ಲಿ ಕಿಂಡಿ ಅಣೆಕಟ್ಟುಗಳಿಲ್ವಾ? ನಮ್ಮಲ್ಲಿ ಹೀಗಾದ್ರೆ ಯಾರು ಹೊಣೆ?

2024ರ ಡಿಸೆಂಬರ್ ನೆನಪಿದೆಯಾ? ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ಕು ಜನ ಶಾಲಾ ಹೆಣ್ಣುಮಕ್ಕಳು ಮುರ್ಡೇಶ್ವರದಲ್ಲಿ ನೀರುಪಾಲಾದ್ರು. ಬೀಚಿಗೆ ನಿರ್ಬಂಧ ಬಂದದ್ದು ಅದಾದ ಮೇಲೆ. ನಮ್ಮಲ್ಲಿ ಯಾವಾಗಲೂ ಹೀಗೇ. ಮೊದಲು ಹೆಣ, ಆಮೇಲೆ ಬೋರ್ಡು, ಆಮೇಲೆ ಹಗ್ಗ.

ಪಡುಬಿದ್ರಿ, ಕಾಸರಕೋಡು ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ತು. ಆ ಮಾನ್ಯತೆಗೆ ಜೀವರಕ್ಷಕರು ಇರಬೇಕು ಅನ್ನೋದೂ ಒಂದು ಷರತ್ತು. ಬಾವುಟಕ್ಕೋಸ್ಕರ ಮಾಡೋದನ್ನ ಜೀವಕ್ಕೋಸ್ಕರ ಎಲ್ಲ ಬೀಚಲ್ಲೂ ಮಾಡೋಕೆ ಏನು ಕಷ್ಟ? ಬಾಡಿಗೆಗೆ ಬೋರ್ಡು ಕೊಡೋರು ಲೈಫ್ ಜಾಕೆಟ್ ಇಲ್ಲದೆ ಕೊಡಬಾರದು. ಕಲಿಸೋರಿಗೆ ಅರ್ಹತೆ ಇದೆಯಾ ಅಂತ ಕೇಳೋರು ಬೇಕು. ಇದಕ್ಕೆ ನೂರು ಕೋಟಿ ಬೇಡ, ಮನಸ್ಸಿದ್ರೆ ಸಾಕು.

ಸರ್ಕಾರ ಮಾಡೋವರೆಗೆ ನಾವೇನು ಮಾಡೋಣ? ಒಬ್ಬರೇ ಹೋಗಬೇಡಿ. ಎಷ್ಟೊತ್ತಿಗೆ ವಾಪಸ್ ಅಂತ ದಡದಲ್ಲಿ ಒಬ್ಬರಿಗೆ ಹೇಳಿ. ಜಾಕೆಟ್ ಬೋರ್ಡಿನ ಮೇಲಲ್ಲ, ಮೈಮೇಲಿರಲಿ. ನೀರು ಒಳಹೋಗದ ಚೀಲದಲ್ಲಿ ಫೋನು, ಕೊರಳಲ್ಲಿ ಸೀಟಿ ಇರಲಿ. ಕೆಂಪು ಬಾವುಟ ಕಂಡ್ರೆ, ಮಳೆಗಾಲ ಅಂದ್ರೆ, ಇಳಿಯಲೇಬೇಡಿ. ಗಾಳಿ ಜೋರಾದ್ರೆ ಮಂಡಿಯೂರಿ ಕೂತ್ಕೊಳ್ಳಿ, ಆಗಲಿಲ್ಲ ಅಂದ್ರೆ ಬೋರಲಾಗಿ ಮಲಗಿ ಕೈಯಲ್ಲೇ ಹುಟ್ಟು ಹಾಕಿ. ಏನೇ ಆದ್ರೂ ಬೋರ್ಡು ಬಿಟ್ಟು ಈಜೋಕೆ ಹೋಗಬೇಡಿ. ಹಲಗೆ ತೇಲತ್ತೆ, ನೀವು ದಣೀತೀರಿ. ಹುಡುಕೋರಿಗೂ ದೂರದಿಂದ ಕಾಣೋದು ಹಲಗೆಯೇ. ಈ ನಂಬರ್‌ಗಳನ್ನ ಬರ್ಕೊಳ್ಳಿ: ತುರ್ತಿಗೆ 112, ಕರಾವಳಿ ಕಾವಲು ಪೊಲೀಸ್ 1093, ಕೋಸ್ಟ್ ಗಾರ್ಡ್ 1554.

ನಮ್ಮ ಹುಡುಗ ಕೊನೆಗೆ ಹೋಗಿಬಂದ. ಜಾಕೆಟ್ ಹಾಕ್ಕೊಂಡೇ ಹೋಗಿದ್ದ. "ಫೋಟೋದಲ್ಲಿ ಚೆನ್ನಾಗಿ ಕಾಣ್ತಿಲ್ಲ ಸಾರ್" ಅಂದ. ಪರವಾಗಿಲ್ಲ ಕಣಪ್ಪಾ, ಫೋಟೋ ತೋರಿಸೋಕೆ ನೀನಿದ್ದೀಯಲ್ಲ, ಅಷ್ಟು ಸಾಕು ಅಂದೆ.