ಸಂಶಯನಿವೃತ್ತಿಯೂ ಧೈರ್ಯವೂ

(ಶ್ರೀಮಠದ ಸುವರ್ಣಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)

 

“ಇದು ನನ್ನಿಂದಾದೀತೇ?” ಎಂಬ ಪ್ರಶ್ನೆಯು ಒಂದಿಲ್ಲೊಂದು ವೇಳೆ ಎಲ್ಲರನ್ನೂ ಕಾಡತಕ್ಕುದೇ ಆಗಿದೆ. ಸಾಲದ ಭಾರದಿಂದ ಬಾಗಿದ ಒಕ್ಕಲಿಗನು, ಗಂಡನನ್ನು ಕಳೆದುಕೊಂಡು ಮನೆತನದ ಹೊಣೆಯನ್ನು ಹೊತ್ತ ತಾಯಿಯು, ಪರೀಕ್ಷೆಗೆ ಅಂಜುವ ವಿದ್ಯಾರ್ಥಿಯು, ಇವರೆಲ್ಲರ ಬಾಯಿಂದಲೂ ಹೊರಡುವ ಮಾತು ಇದೊಂದೇ. ಕಷ್ಟವು ದೊಡ್ಡದೆಂಬುದಕ್ಕಿಂತ ತಾನು ಸಣ್ಣವನೆಂಬ ಭಾವನೆಯೇ ಮನುಷ್ಯನನ್ನು ಹೆಚ್ಚಾಗಿ ಕುಗ್ಗಿಸುತ್ತದೆ.

ಹಾಗಾದರೆ ಸಂಶಯವು ದೋಷವೇ? ಸರ್ವಥಾ ಅಲ್ಲ. ನ್ಯಾಯಶಾಸ್ತ್ರದಲ್ಲಿ ಎಣಿಸಿರುವ 16 ಪದಾರ್ಥಗಳಲ್ಲಿ ಸಂಶಯವು ಮೂರನೆಯದು, ನಿರ್ಣಯವು ಒಂಬತ್ತನೆಯದು. ಸಂಶಯವಿಲ್ಲದೆ ವಿಚಾರವು ಮೊದಲಾಗದು. ಸಂಶಯದಲ್ಲಿಯೇ ನಿಂತವನಿಗೆ ನಿರ್ಣಯವು ದೊರೆಯದು. ಶಾಸ್ತ್ರದ ದೃಷ್ಟಾಂತವನ್ನು ನೋಡಿರಿ. ಮುಸ್ಸಂಜೆಯ ಮಬ್ಬಿನಲ್ಲಿ ದೂರದಲ್ಲೊಂದು ಆಕಾರವು ತೋರುತ್ತದೆ. ಮೋಟುಮರವೋ ಮನುಷ್ಯನೋ ತಿಳಿಯದು. ನಿಂತಲ್ಲಿಯೇ ನಿಂತು ಯೋಚಿಸಿದರೆ ಕತ್ತಲೆಯು ಹೆಚ್ಚುವುದೇ ಹೊರತು ಸಂಶಯವು ಕಡಿಮೆಯಾಗದು. ನಾಲ್ಕು ಹೆಜ್ಜೆ ಸಮೀಪಕ್ಕೆ ನಡೆದವನಿಗೆ ಕೊಂಬೆಯೋ ಕೈಯೋ ಕಾಣಿಸುತ್ತದೆ. ಸಂಶಯವು ತಾನಾಗಿ ನಿವೃತ್ತವಾಗುತ್ತದೆ. ತನ್ನ ಶಕ್ತಿಯನ್ನು ಕುರಿತ ಸಂಶಯಕ್ಕೂ ಇದೇ ಔಷಧವು. ಕಾರ್ಯದ ಸಮೀಪಕ್ಕೆ ಹೋಗದವನಿಗೆ ತನ್ನ ಶಕ್ತಿಯ ಅಳತೆಯು ತಿಳಿಯಲಾರದು.

ಇದಕ್ಕೆ ನಮ್ಮ ನಾಡಿನಲ್ಲಿಯೇ ನಡೆದ ನಿದರ್ಶನವೊಂದನ್ನು ಹೇಳುತ್ತೇನೆ. 1880ರಲ್ಲಿ ಧಾರವಾಡದಲ್ಲಿ ಜನಿಸಿದ ಫ. ಗು. ಹಳಕಟ್ಟಿಯವರು ಅಂದಿನ ವಿಜಾಪುರದಲ್ಲಿ ವಕೀಲರಾಗಿದ್ದರು. ಆ ಕಾಲದಲ್ಲಿ ಶರಣರ ವಚನಗಳ ಬಹುಭಾಗವು ತಾಡವೋಲೆಯ ಕಟ್ಟುಗಳಲ್ಲಿ ಅಡಗಿದ್ದು, ಪೂಜೆಗೆ ಪಾತ್ರವಾಗಿದ್ದರೂ ಓದಿಗೆ ಬಂದುದು ಅಲ್ಪವೇ. ನ್ಯಾಯಾಲಯದ ಕಾಗದಪತ್ರಗಳಲ್ಲಿ ಪಳಗಿದವನಿಗೆ ಹಳೆಯ ಓಲೆಗಳ ಗೊಡವೆಯೇಕೆಂದು ಅವರು ಸುಮ್ಮನಿದ್ದಿದ್ದರೆ ಯಾರೂ ದೂಷಿಸುತ್ತಿರಲಿಲ್ಲ. ಅವರಾದರೋ ಊರೂರು ತಿರುಗಿ ಕಟ್ಟುಗಳನ್ನು ಸಂಗ್ರಹಿಸಿದರು. ಪ್ರತಿಮಾಡಿ, ಪಾಠಗಳನ್ನು ಹೋಲಿಸಿದರು. ಮಂಗಳೂರಿನ ಮುದ್ರಣಾಲಯವೊಂದಕ್ಕೆ ಕಳುಹಿಸಿದ ಹಸ್ತಪ್ರತಿಯು ಅಚ್ಚಾಗದೆ ಹಿಂದಿರುಗಿತು. ಅವರು ಬೆಳಗಾವಿಯ ಕಡೆಗೆ ಮುಖಮಾಡಿದರು. 1923ರಲ್ಲಿ ವಚನಶಾಸ್ತ್ರಸಾರದ ಪ್ರಥಮ ಭಾಗವು ಅಲ್ಲಿ ಅಚ್ಚಾಯಿತು. ಮುಂದಿನ ಕಾರ್ಯಕ್ಕೆ ಸ್ವಂತ ಮುದ್ರಣಾಲಯವೇ ಬೇಕೆಂದು ಕಂಡಾಗ, ವಾಸದ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಮೊದಲು ಸುಮಾರು 50 ಮಂದಿ ವಚನಕಾರರ ಹೆಸರುಗಳಷ್ಟೇ ತಿಳಿದಿದ್ದಲ್ಲಿ, ಅವರ ಶೋಧನೆಯಿಂದ 250ಕ್ಕೂ ಹೆಚ್ಚು ಮಂದಿ ಬೆಳಕಿಗೆ ಬಂದರು. 1964ರಲ್ಲಿ ಅವರು ಲಿಂಗೈಕ್ಯರಾದರು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಮುಂದೆ ಒದಗುವ ವಿಘ್ನಗಳೆಲ್ಲವನ್ನೂ ಮೊದಲೇ ಎಣಿಸಿ, ಅವೆಲ್ಲಕ್ಕೂ ಸಾಲುವಷ್ಟು ಧೈರ್ಯವನ್ನು ಕೂಡಿಸಿಕೊಂಡು ಹೊರಡುವುದು ಯಾರಿಗೂ ಸಾಧ್ಯವಿಲ್ಲ. ಓಲೆ ದೊರೆತಾಗ ಓದುವುದು, ಓದಿದಾಗ ಪ್ರತಿಮಾಡುವುದು, ಒಂದು ಬಾಗಿಲು ಮುಚ್ಚಿದಾಗ ಮತ್ತೊಂದನ್ನು ತಟ್ಟುವುದು, ಹೀಗೆ ಆಯಾ ದಿನದ ಕಾಯಕವು ಮರುದಿನದ ಧೈರ್ಯವನ್ನು ಗಳಿಸಿಕೊಡುತ್ತದೆ. “ನಾನು ಯೋಗ್ಯನೇ?” ಎಂಬ ಪ್ರಶ್ನೆಗೆ ಉತ್ತರವು ಕುಳಿತಲ್ಲಿ ಸಿಕ್ಕದು. “ಈ ಕಾರ್ಯವು ಇಂದು ನನ್ನಿಂದ ಏನನ್ನು ಬೇಡುತ್ತದೆ?” ಎಂದು ಕೇಳಿದರೆ ಉತ್ತರವು ಆಗಲೇ ದೊರೆಯುತ್ತದೆ.

ಆದರೆ ಧೈರ್ಯವೆಂದರೆ ದುಡುಕಲ್ಲ. ಸಾಲಗಾರನು ಮೊದಲು ತನ್ನ ಸಾಲಗಳನ್ನು ಒಂದೊಂದಾಗಿ ಬರೆದಿಡಲಿ. ಅನಂತರ ತಿಳಿದ ಹಿರಿಯರೊಬ್ಬರ ಮುಂದೆ ಸಂಕೋಚವಿಲ್ಲದೆ ಅದನ್ನು ತೆರೆದಿಡಲಿ. ಬರೆದು ನೋಡಿದ ಸಾಲವು ಕತ್ತಲೆಯಲ್ಲಿ ಕಂಡ ಸಾಲದಷ್ಟು ಭಯಂಕರವಾಗಿರುವುದಿಲ್ಲ. ಕೇಳುವುದು ದೌರ್ಬಲ್ಯದ ಲಕ್ಷಣವಲ್ಲ. ಗುರುವನ್ನು ಕೇಳದೆ ಯಾವ ವಿದ್ಯೆಯೂ ಬಂದುದಿಲ್ಲ.

ವಿದ್ಯಾರ್ಥಿಗಳೇ, ಕಡೆಯ ಮಾತು ನಿಮಗೆ. ನಿಮ್ಮ ಮನೆಗಳ ಜಗಲಿಯ ಮೇಲೋ ಅಟ್ಟದಲ್ಲಿಯೋ ಓಲೆಯ ಕಟ್ಟುಗಳು ಇದ್ದಾವು. “ನಮಗೇನು ತಿಳಿದೀತು?” ಎಂದು ಬಿಡಬೇಡಿರಿ. ಒಂದು ಗರಿಯನ್ನು ಜೋಪಾನವಾಗಿ ತೆಗೆದು ಓದಲು ತೊಡಗಿರಿ, ತಿಳಿಯದ ಅಕ್ಷರಗಳನ್ನು ಬರೆದುಕೊಂಡು ಪಾಠಶಾಲೆಗೆ ಬನ್ನಿರಿ, ಕೂಡಿ ಓದೋಣ. ಗೆದ್ದಲು ತಿಂದ ಮೇಲೆ ಬಂದ ಧೈರ್ಯದಿಂದ ಫಲವೇನು?

ಮೊದಲ ಹೆಜ್ಜೆಯಿಡುವ ಬಲವನ್ನು ಪರಶಿವನು ನಮ್ಮೆಲ್ಲರಿಗೂ ಕರುಣಿಸಲೆಂದು ಪ್ರಾರ್ಥಿಸುತ್ತೇನೆ.