ಕೈಗುಣವಲ್ಲ, ಕಾರಣವಿದೆ

(ನೀಲಗಿರಿಯ ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಆಡಿದ ಮಾತು)



ಚಳಿಗಾಲದಲ್ಲಿ ಚಿಗುರು ತಗ್ಗಿದರೆ ಹೆಚ್ಚುವರಿ ಕಿಲೋವಿನ ಹಣವೂ ತಗ್ಗುತ್ತದೆ. ಸಂತೆಯ ತರಕಾರಿಯ ಬೆಲೆ ಮಾತ್ರ ತಗ್ಗುವುದಿಲ್ಲ. ಅದಕ್ಕೇ ನಮ್ಮಲ್ಲಿ ಹಲವರು ಲೈನ್ ಮನೆಯ ಕಿಟಕಿಯಲ್ಲಿ ಹಳೆಯ ಡಬ್ಬವಿಟ್ಟು ಟೊಮೇಟೊ, ಮೆಣಸಿನಕಾಯಿ, ಬದನೆಯ ಬೀಜ ಹಾಕುತ್ತೇವೆ. ಆದರೆ ಮೊಳೆತ ಸಸಿ ಎರಡೆಲೆಗೇ ನಿಂತುಬಿಡುತ್ತದೆ. ಒಂದು ಮನೆಯಲ್ಲಿ ಹಿರಿಯರು, "ಹೊಸ ಸೊಸೆಯ ಕೈಗುಣ ಸರಿಯಿಲ್ಲ" ಎಂದರಂತೆ. ಆ ಹುಡುಗಿ ಅತ್ತಳಂತೆ.

ಕೇಳಿ ನಮಗೆ ನೋವಾಯಿತು. ನಾವೇನೂ ದೊಡ್ಡವರಲ್ಲ. ಹಿಂದಿನ ವರ್ಷ ನಮ್ಮ ಮೆಣಸಿನ ಸಸಿಗಳು ಬೆರಳುದ್ದಕ್ಕೇ ನಿಂತಾಗ ನಾವೂ ಮನೆಯವಳಿಗೆ ಅದೇ ಮಾತು ಅಂದಿದ್ದೆವು. ಡಬ್ಬಕ್ಕೆ ಮಣ್ಣು ತಂದವರು ಯಾರು? ನಾವೇ, ಟೀ ಗಿಡದ ಬುಡದಿಂದ!

ಟೀ ಗಿಡಕ್ಕೆ ಹುಳಿ ಮಣ್ಣು ಬೇಕು. ಮಣ್ಣಿನ ಹುಳಿ ಅಳೆಯುವ ಲೆಕ್ಕದಲ್ಲಿ ಅದಕ್ಕೆ 4.5ರಿಂದ 5.5 ಒಗ್ಗುತ್ತದೆ, ತರಕಾರಿಗೆ 6ರಿಂದ 7 ಬೇಕು. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಹುಳಿ ಮಣ್ಣಿನಲ್ಲಿ ಗೊಬ್ಬರವಿದ್ದರೂ ಬೇರು ಅದನ್ನು ಸರಿಯಾಗಿ ಹೀರಲಾರದು. ಆದ್ದರಿಂದ ಬೇರೆ ಕಡೆಯ ಮಣ್ಣು ತನ್ನಿ. ಸಿಗದಿದ್ದರೆ ಒಂದು ಬಕೆಟ್ ಮಣ್ಣಿಗೆ ಒಂದು ಹಿಡಿ ಒಲೆಯ ಬೂದಿ, ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಸ್ವಲ್ಪ ಮರಳು ಕಲಸಿ, ತೇವವಾಗಿ ಎರಡು ವಾರ ಬಿಟ್ಟು ಬೀಜ ಹಾಕಿ. ಬೂದಿ ಹೆಚ್ಚಾದರೂ ಕೆಡುಕೇ.

ಇನ್ನು ಸಸಿಯನ್ನೇ ನೋಡಿ. ತನ್ನ ಕಷ್ಟವನ್ನು ಅದೇ ಹೇಳುತ್ತದೆ.

ಕಾಂಡ ಬಿಳುಚಿ, ಉದ್ದವಾಗಿ ಕಿಟಕಿಯತ್ತ ಬಾಗಿದ್ದರೆ ಬೆಳಕು ಸಾಲದು. ನಮ್ಮ ಮನೆಗಳ ಕಿಟಕಿ ಚಿಕ್ಕದು. ಹಗಲು ಡಬ್ಬವನ್ನು ಜಗಲಿಗೆ ತನ್ನಿ. ಮೊದಲು ಒಂದು ಗಂಟೆ ಎಳೆಬಿಸಿಲು, ದಿನದಿನಕ್ಕೆ ಹೆಚ್ಚಿಸಿ. ಸಂಜೆ ಒಳಗಿಡಿ.

ಗಿಡ್ಡವಾಗಿ, ಎಲೆ ನೇರಳೆ ಬಣ್ಣಕ್ಕೆ ತಿರುಗಿದ್ದರೆ ಚಳಿ ಹಿಡಿದಿರಬಹುದು. ರಾತ್ರಿ ಒಲೆಯ ಗೋಡೆಯ ಪಕ್ಕ, ಹೊಗೆ ತಾಗದಲ್ಲಿ ಇಡಿ. ಮೆಣಸಿನಕಾಯಿಯಂತೂ ಚಳಿಯಲ್ಲಿ ಮೊಳೆಯಲು ಮೂರು ವಾರ ಹಿಡಿದರೂ ಹಿಡಿಯಿತು, ಅವಸರಪಟ್ಟು ಕೆದಕಬೇಡಿ.

ಬುಡ ಕೊಳೆತು ಸಸಿ ಮಲಗಿದರೆ ನೀರು ಹೆಚ್ಚಾಗಿದೆ. ಡಬ್ಬದ ಅಡಿಗೆ ಮೊಳೆಯಿಂದ ತೂತು ಹೊಡೆಯಿರಿ. ಬೆರಳಿಟ್ಟು ನೋಡಿ, ಮೇಲ್ಮಣ್ಣು ಒಣಗಿದ್ದರೆ ಮಾತ್ರ ನೀರು ಕೊಡಿ, ಅದೂ ಬೆಳಗ್ಗೆ.

ಒತ್ತೊತ್ತಾಗಿ ಬೆಳೆದಿದ್ದರೆ ಎರಡು ಅಂಗುಲಕ್ಕೆ ಒಂದನ್ನು ಉಳಿಸಿ, ಬೀಜದೆಲೆ ಹಿಡಿದು ಮಿಕ್ಕವನ್ನು ಬೇರೆ ಡಬ್ಬಕ್ಕೆ ನೆಡಿ. ಬೀಜದೆಲೆಯ ಮೇಲೆ ಎರಡೆಲೆ ಬಂದಮೇಲೂ ಹಳದಿಯಾಗಿದ್ದರೆ ಹಸಿವು. ಕಳಿತ ಗೊಬ್ಬರವನ್ನು ಹತ್ತು ಪಾಲು ನೀರಿನಲ್ಲಿ ನೆನೆಸಿ, ಸೋಸಿ, ವಾರಕ್ಕೊಮ್ಮೆ ಬುಡಕ್ಕೆ ಹಾಕಿ.

ಲೂಕನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಹಣ್ಣು ಬಿಡದ ಅಂಜೂರದ ಮರದ ಸಾಮತಿ ಇದೆ. ಯಜಮಾನ ಕಡಿ ಎಂದ. ತೋಟಗಾರ ಇನ್ನೊಂದು ವರ್ಷ ಬೇಡಿಕೊಂಡ. ಬುಡ ಅಗೆದು ಗೊಬ್ಬರ ಹಾಕುತ್ತೇನೆಂದ. ಅವನೂ ಕೂಲಿಯ ಆಳೇ. ಮರದ ಮೇಲೆ ತಪ್ಪು ಹೊರಿಸದೆ, ಬುಡದಲ್ಲಿ ಏನು ಕಡಿಮೆಯೆಂದು ನೋಡಿದ.

ನಾವೂ ಬುಡ ನೋಡೋಣ. ಆ ಸೊಸೆಗೆ ಅಂದ ಮಾತನ್ನು ಅಂದವರೇ ಹಿಂದಕ್ಕೆ ತೆಗೆದುಕೊಳ್ಳಲಿ. ನಾವು ನಮ್ಮ ಮನೆಯಲ್ಲಿ ತೆಗೆದುಕೊಂಡಾಗಿದೆ. ಮುಂದಿನ ಭಾನುವಾರ ಪೂಜೆಯ ನಂತರ ಸೊರಗಿದ ಸಸಿಯ ಡಬ್ಬಗಳನ್ನು ತನ್ನಿರಿ. ಎಲ್ಲರೂ ಕೂಡಿ ನೋಡೋಣ.