ಬಿಸಿಲಿಗೆ ಬಿಳಿಚಿದ ವಾಹನದ ಕಪ್ಪು ಪ್ಲಾಸ್ಟಿಕ್



ತರಕಾರಿ ಸಾಗಿಸುವ ಪಿಕಪ್ ವಾಹನವಾಗಲಿ, ಮನೆಯ ಕಾರಾಗಲಿ, ಕೊಂಡ ಹೊಸತರಲ್ಲಿ ಅದರ ಬಂಪರ್, ಚಕ್ರದ ಮೇಲಿನ ಅಂಚುಪಟ್ಟಿ, ಪಕ್ಕದ ಕನ್ನಡಿಯ ಕವಚ ಎಲ್ಲವೂ ಎಣ್ಣೆ ಸವರಿದ ಎಮ್ಮೆಯ ಮೈಯಂತೆ ಕಪ್ಪಗಿರುತ್ತವೆ. ಕೆಲವು ಬೇಸಿಗೆ ಕಳೆಯುವಷ್ಟರಲ್ಲಿ ಅವೇ ಬೂದಿ ಬಣ್ಣಕ್ಕೆ ತಿರುಗುತ್ತವೆ. ವಾಹನ ಮಾರುವಾಗ ಕೊಳ್ಳುವವನ ಕಣ್ಣು ಬೀಳುವುದೂ ಇಲ್ಲೇ. ಆಗ ಮಾಲೀಕರು ಕೈಗೆ ಸಿಕ್ಕ ಡೀಸೆಲ್ಲನ್ನೋ ಸುಟ್ಟ ಎಂಜಿನ್ ಎಣ್ಣೆಯನ್ನೋ ಬಳಿಯುವುದುಂಟು. ಆ ಹೊಳಪು ಹೆಚ್ಚು ದಿನ ನಿಲ್ಲದು, ಅದರ ಹಾನಿ ಮಾತ್ರ ಉಳಿಯುತ್ತದೆ.

ಇಂಥ ಬಂಪರ್‌ಗಳನ್ನು ಹೆಚ್ಚಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ಗೆ ಒಂದು ಬಗೆಯ ರಬ್ಬರ್ ಮತ್ತು ಬಳಪದ ಕಲ್ಲಿನ ನುಣುಪಾದ ಪುಡಿ ಬೆರೆಸಿ ತಯಾರಿಸುತ್ತಾರೆ. ಕಪ್ಪು ಬಣ್ಣ ಬರುವುದು ಇಂಗಾಲದ ಮಸಿಯಿಂದ. ಹನಿ ನೀರಾವರಿಯ ಕೊಳವೆ ಬಿಸಿಲು ತಾಳಲೆಂದು ಶೇ. 2ರಿಂದ 3ರಷ್ಟು ಬೆರೆಸುವುದೂ ಇದೇ ಮಸಿಯನ್ನು. ಮಸಿ ಒಳಗಿನ ಪದರವನ್ನು ಕಾಯುತ್ತದೆ. ಮೇಲ್ಮೈಯನ್ನು ಪೂರ್ತಿ ಕಾಯಲಾರದು. ಬಿಸಿಲಿನ ನೇರಳಾತೀತ ಕಿರಣ ತಗುಲಿದಂತೆಲ್ಲ ಮೇಲ್ಪದರ ಶಿಥಿಲವಾಗಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ, ಒಳಗಿದ್ದ ಕಲ್ಲಿನ ಪುಡಿ ಹೊರಗೆ ತೋರುತ್ತದೆ. ಒರಟಾದ ಆ ಮೇಲ್ಮೈಯಲ್ಲಿ ಬೆಳಕು ಚೆದುರಿ ಬಿಳಿಚಿದಂತೆ ಕಾಣುತ್ತದೆ. ಕೆಳಗಿನ ಕಪ್ಪು ಹಾಗೆಯೇ ಇರುತ್ತದೆ.

ಎಲ್ಲ ಬಿಳಿಯೂ ಬಿಸಿಲಿನದಲ್ಲ. ಕೊಳವೆಬಾವಿಯ ಗಡಸು ನೀರಿನಲ್ಲಿ ತೊಳೆದ ವಾಹನದ ಮೇಲೆ ಸುಣ್ಣದ ಕಲೆ ನಿಲ್ಲುತ್ತದೆ. ಬಣ್ಣಕ್ಕೆ ಹಚ್ಚಿದ ಮೇಣ ಪ್ಲಾಸ್ಟಿಕ್‌ನ ತರಿಗಳಲ್ಲಿ ಸಿಕ್ಕಿ ಬೆಳ್ಳಗಾಗುತ್ತದೆ. ಮೇಣಕ್ಕೆ ಸಾಬೂನು ನೀರು, ಮೃದುವಾದ ಬ್ರಷ್ ಸಾಕು. ಸುಣ್ಣದ ಕಲೆಗೆ ನೀರು ಬೆರೆಸಿದ ವಿನಿಗರ್ ಸವರಿ ಕೂಡಲೇ ಚೆನ್ನಾಗಿ ತೊಳೆಯಬೇಕು. ಇಷ್ಟಾದರೂ ಹೋಗದ ಬಿಳುಪು, ನೀರು ಬಿದ್ದಾಗ ಕಪ್ಪಾಗಿ ಒಣಗಿದಾಗ ಮರಳಿದರೆ, ಅದು ಬಿಸಿಲಿನದೇ ಎಂದು ತಿಳಿಯತಕ್ಕದ್ದು.

ಇದಕ್ಕೆ ಪ್ಲಾಸ್ಟಿಕ್‌ಗೆಂದೇ ತಯಾರಾದ ಸಿಲಿಕೋನ್ ಲೇಪವನ್ನು ಬಳಸಬಹುದು. ವಾಹನ ನೆರಳಿನಲ್ಲಿ ನಿಂತು ತಣ್ಣಗಾಗಿರಬೇಕು. ತೊಳೆದ ಭಾಗ ತರಿಗಳ ಸಂದಿನಲ್ಲೂ ಪೂರ್ತಿ ಒಣಗಿರಬೇಕು. ಅವಸರ ಮಾಡುವವರು ಎಡವುವುದು ಇಲ್ಲಿಯೇ. ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಹಚ್ಚಿ ನೋಡಿ, ಅನಂತರ ಬಟ್ಟೆಯಿಂದ ತೆಳುವಾಗಿ ಸವರಿ, ಮಿಕ್ಕದ್ದನ್ನು ಒರೆಸಬೇಕು. ದಪ್ಪಗೆ ಬಳಿದರೆ ಧೂಳು ಹಿಡಿಯುತ್ತದೆ. ಮಳೆ, ತೊಳೆತಗಳಿಂದ ಇದು ಕ್ರಮೇಣ ಹೋಗುವುದರಿಂದ ಮತ್ತೆ ಮತ್ತೆ ಹಚ್ಚಬೇಕು. ಒಣಗಿ ಗಟ್ಟಿಯಾಗುವ ಲೇಪಗಳು ಹೆಚ್ಚು ಕಾಲ ನಿಲ್ಲುತ್ತವೆ, ಬೆಲೆಯೂ ಹೆಚ್ಚು.

ಡೀಸೆಲ್ ಮತ್ತು ಎಂಜಿನ್ ಎಣ್ಣೆ ಬಂಪರ್‌ನಲ್ಲಿರುವ ರಬ್ಬರನ್ನು ಉಬ್ಬಿಸುತ್ತವೆ. ಪೆಟ್ರೋಲಿನಿಂದ ಒರೆಸುವುದು ಇನ್ನೂ ಕೆಟ್ಟದ್ದು. ಬೆಂಕಿಯ ಭಯ ಒತ್ತಟ್ಟಿಗಿರಲಿ, ಭಾಗದ ಹಿಂಬದಿಯಲ್ಲಿ ಎ.ಬಿ.ಎಸ್. ಎಂದು ಅಚ್ಚಿದ್ದರೆ ಆ ಪ್ಲಾಸ್ಟಿಕ್ ಪೆಟ್ರೋಲಿಗೆ ಹಾಳಾಗುತ್ತದೆ. ಇಂದಿನ ಹೆಚ್ಚಿನ ವಾಹನಗಳ ಮುಂದೀಪದ ಹೊದಿಕೆಯೂ ಗಾಜಲ್ಲ, ಪಾಲಿಕಾರ್ಬೊನೇಟ್; ಪೆಟ್ರೋಲ್ ತಾಗಿದರೆ ಬಿರಿಯುತ್ತದೆ.

ಬಿಸಿಗಾಳಿ ಯಂತ್ರ ಹಿಡಿದರೆ ಬಿಳಿ ಭಾಗ ಕಣ್ಣೆದುರೇ ಕಪ್ಪಾಗುವುದು ನಿಜ. ಮೇಲ್ಪದರ ಕರಗಿ ಬಿರುಕು ಮುಚ್ಚಿಕೊಳ್ಳುವುದೇ ಅದಕ್ಕೆ ಕಾರಣ. ಆದರೆ ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಯಂತ್ರದ ಗಾಳಿ ಅದಕ್ಕಿಂತ ಬಹಳ ಬಿಸಿ. ಕೈ ಒಂದು ಕ್ಷಣ ನಿಂತರೆ ಭಾಗ ಸೊಟ್ಟಗಾಗುತ್ತದೆ, ಪಕ್ಕದ ಬಣ್ಣ ಗುಳ್ಳೆ ಏಳುತ್ತದೆ. ಬಿಸಿಲು ತಿಂದ ರಕ್ಷಕ ದ್ರವ್ಯ ಕಾಯಿಸಿದರೆ ಮರಳುವುದಿಲ್ಲವಾದ್ದರಿಂದ ಬಿಳುಪು ಮತ್ತೆ ಬರುತ್ತದೆ. ಕಪ್ಪು ಬಣ್ಣ ಹೊಡೆಸುವವರು ಪ್ಲಾಸ್ಟಿಕ್‌ಗೆ ಅಂಟುವ ಪ್ರೈಮರನ್ನು ಮೊದಲು ಹಾಕಿಸಬೇಕು. ಇಲ್ಲದಿದ್ದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ.

ಖರ್ಚಿಲ್ಲದ ಉಪಾಯವೆಂದರೆ ನೆರಳು. ಸೋಗೆಯ ಚಪ್ಪರವಾದರೂ ಆದೀತು. ಮರದಡಿಯೂ ಒಳ್ಳೆಯದೇ, ಹಕ್ಕಿಗಳು ಕೂಡುವ ಮರವಾಗಿರಬಾರದು ಅಷ್ಟೆ.

ಹಳೆಯ ವಾಹನ ಕೊಳ್ಳುವವರು ಮಿರುಗುವ ಬಂಪರನ್ನು ಬಿಳಿ ಬಟ್ಟೆಯಿಂದ ಉಜ್ಜಿ ನೋಡಬೇಕು. ಜಿಡ್ಡು ಬಂದರೆ ಸಾಬೂನು ನೀರಿನಿಂದ ತೊಳೆಸಿ, ಒಣಗಿದ ಮೇಲೆ ಅಂಚುಗಳನ್ನೂ ಮೊಳೆ ಕೂಡುವ ಜಾಗಗಳನ್ನೂ ಪರೀಕ್ಷಿಸಬೇಕು. ಅಲ್ಲಿ ಕಣ್ಣಿಗೆ ಕಾಣುವ ಸೀಳಿದ್ದರೆ ಯಾವ ಲೇಪವೂ ಅದನ್ನು ಕೂಡಿಸದು. ಆ ಭಾಗವನ್ನು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಬೇಕು.